ಮಸ್ಕಿಗೆ ಮುಟ್ಟಿದ್ದು

ಮೂರು ಊರಿನ ಮೂರು ಕಂಪ್ಯೂಟರುಗಳಲ್ಲಿ ಒಂದೇ ಲಗ್ನಪತ್ರಿಕೆ ಒಂದೇ ತೆರನಾಗಿ ಇರಬೇಕಾದರೆ ಯಾವ ಕಂಪನಿಯ ಕೈ ಹಿಡಿಯಬೇಕೆನ್ನುವುದನ್ನು ಅವತ್ತು ಸಂಜೆಯೊಳಗೆ ಹುಸೇನಪ್ಪ ತನ್ನ ಪ್ರೆಸ್ಸಿನ ಸಾವುಕಾರರಿಗೆ ಹೇಳಬೇಕಾಗಿತ್ತು. ಹೇಳುವುದು ಕಷ್ಟವೇನಾಗಿರಲಿಲ್ಲ. ಉತ್ತರ ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದೇ ಫಜೀತಿ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತು, ರೈಸ್‌ಮಿಲ್ಲುಗಳ ಕಡೆಯಿಂದ ಬರುವ ಕುದಿಸಿದ ಭತ್ತದ ವಾಸನೆಯನ್ನು ಎಳೆದುಕೊಳ್ಳುತ್ತ, ಗೊತ್ತಿಲ್ಲದವನ ಹಾಗೆ ಮತ್ತೊಮ್ಮೆ ಮೊದಲಿನಿಂದ ಯೋಚಿಸತೊಡಗಿದ. ಹೈದರಾಬಾದಿನ ಕಂಪನಿಯದು ಹೀಗೆ: ಫೋನಿನ ತಂತಿಗೆ ಮೋಡೆಮ್ ಎನ್ನುವ ಡಬ್ಬಿ ಸಿಕ್ಕಿಸಿದರೆ ಮುಗಿಯಿತು. ಸಿಂಧನೂರಿನಿಂದ ಕಳಿಸಿದ ಫೈಲು ಹೈದರಾಬಾದಿನ ದೊಡ್ಡ ಮಶೀನಿನಲ್ಲಿ ಹೋಗಿ ಕೂಡುತ್ತದೆ. ಮಸ್ಕಿ ಅಂಗಡಿಯವರು, ಲಿಂಗಸುಗೂರು ಅಂಗಡಿಯವರು ಅಲ್ಲಿಗೆ ಫೋನು ಹಚ್ಚಿ ಅದನ್ನು ಇಳಿಸಿಕೊಳ್ಳುತ್ತಾರೆ. ಯಾರು ಇಳಿಸಿಕೊಂಡರೋ ಆ ಊರಿನ ಹೆಸರಿನ ಮುಂದೆ ಒಂದು ಹಸಿರು ಗುರುತು ಬೀಳುತ್ತದೆ. ಅಮೆರಿಕದ ಕಂಪನಿಯದೂ ಹೀಗೇ ಫೈಲು ಇಡುವ ಜಾಗ, ಅದೂ ಪುಕ್ಕಟೆ, ಆದರೆ ರಾಯಚೂರಿಗೆ ಫೋನು ಹಚ್ಚಿ ಇಂಟರ್ನೆಟ್ಟು ಸಿಗುವತನಕ ದೇವರ ಧ್ಯಾನ ಮಾಡಬೇಕು, ಸಿಕ್ಕರೂ ನಡುವೆ ಕಡಿಯುತ್ತದೆ, ಮತ್ತೆ ಮೊದಲಿನಿಂದ. ಇವೆರಡೂ ಬೇಡವೆಂದರೆ ಮೂರನೆಯದು ಇದ್ದೇ ಇತ್ತು: ಪ್ಲಾಸ್ಟಿಕ್ ಡಬ್ಬಿಯಲ್ಲಿ ಫೈಲು ತುಂಬಿದ ಫ್ಲಾಪಿಗಳನ್ನು ಹಾಕಿಕೊಂಡು ದಿನಾ ಬೆಳಿಗ್ಗೆ ಬಸ್ಸು ಹತ್ತುವ ಹುಸೇನಪ್ಪ. ತಾನೇ ಉಮೇದುವಾರ, ತಾನೇ ಪಂಚ. ಇದಕ್ಕೆ ನಗು ಬರಬೇಕಿತ್ತು. ಬರಲಿಲ್ಲ.

“ಏನಪಾ ಫ್ಲಾಪಿಮಾಮಾ,” ಎಂದ ಕಂಡಕ್ಟರ್ ಬಾಲಪ್ಪ, ಟಿಕೀಟು ಹರಿಯುತ್ತ. “ಮಸ್ಕಿಗೆ ನಿನ್ನಷ್ಟು ಸಲ ಆ ಗುಡ್ಡದ ಮಲ್ಲಯ್ಯನ ಭಕ್ತರೂ ಹೋಗಿರಲಿಕ್ಕಿಲ್ಲ ನೋಡು.”

ಬಸ್ಸಿನಲ್ಲಿದ್ದವರು ನಕ್ಕರು. ಹುಸೇನಪ್ಪನೂ ನಕ್ಕ, ನಗದಿದ್ದರೆ ಇನ್ನೂ ಕೆದಕುತ್ತಾರೆಂದು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಎರಡೂ ಅಂಗೈ ಮುಚ್ಚಿದ. ಬಿಸಿಲು ಬೀಳಬಾರದು, ಧೂಳು ಹೋಗಬಾರದು, ಪಕ್ಕದವನು ರೇಡಿಯೋ ಹಿಡಿದಿದ್ದರೆ ಅದರ ಅಯಸ್ಕಾಂತ ಫೈಲು ಅಳಿಸೀತೆಂದು ಅವನಿಂದ ದೂರ ಕೂಡಬೇಕು. ಕೂಸಿನ ಹಾಗೆ ನೋಡಿಕೊಳ್ಳಬೇಕು ಎಂದು ಯಾರೋ ಒಮ್ಮೆ ಅಂದಿದ್ದರು, ಅಂದವರಿಗೆ ಅವನ ಮನೆಯ ಕಥೆ ಗೊತ್ತಿರಲಿಲ್ಲ. ಬಸ್ಸು ಕಾಲುವೆಯ ಸೇತುವೆ ದಾಟಿತು. ಎರಡೂ ಕಡೆ ಗದ್ದೆ, ಗದ್ದೆಯಲ್ಲಿ ಬಗ್ಗಿದ ಹೆಂಗಸರು, ನೀರಿನ ಮೇಲೆ ಬಿಳಿ ಬಿಸಿಲು. ಇದೆಲ್ಲ ಶುರುವಾದದ್ದು ಒಬ್ಬ ಸತ್ತ ಮುದುಕನಿಂದ. ವಳಕಮದಿನ್ನಿಯ ಒಂದು ಮನೆತನದ ಅಜ್ಜ, ಮೊಮ್ಮಗಳ ಲಗ್ನಪತ್ರಿಕೆ ಕಂಪೋಜಾದ ಮೇಲೆ, ಅಚ್ಚಾಗುವ ಮುಂಚೆ ತೀರಿಹೋದ. ಮನೆಯವರು ಮಸ್ಕಿ ಅಂಗಡಿಗೆ ಬಂದು ಹೇಳಿದರು, ಅಲ್ಲಿ ತಿದ್ದಿದ್ದೂ ಆಯಿತು. ತಿದ್ದಿದ ಫೈಲು ಒಂದು ಫ್ಲಾಪಿಯಲ್ಲಿ, ತಿದ್ದದ ಫೈಲು ಇನ್ನೊಂದರಲ್ಲಿ, ಎರಡೂ ಹುಸೇನಪ್ಪನ ಡಬ್ಬಿಯಲ್ಲಿ ಅಕ್ಕಪಕ್ಕ ಕೂತು ಪ್ರಯಾಣ ಮಾಡಿ, ಸಿಂಧನೂರಿನ ಪ್ರೆಸ್ಸಿನ ಬಾಯಿಗೆ ಹಳೆಯದೇ ಹೋಯಿತು. ಪತ್ರಿಕೆಯ ಬುಡದಲ್ಲಿ, ತಮ್ಮ ಸುಖಾಗಮನ ಬಯಸುವವರು ಎನ್ನುವ ಕಡೆ, ಮೊಟ್ಟಮೊದಲು ಅಜ್ಜನ ಹೆಸರು. ಅದನ್ನು ಯಾರೋ ಗಟ್ಟಿಯಾಗಿ ಓದಿದಾಗ ಆ ಅಜ್ಜನ ಹೆಂಡತಿ, ಅಳು ಮುಗಿಸಿ ಕೂತಿದ್ದವಳು, ಮತ್ತೆ ಹೊಸದಾಗಿ ಶುರುಮಾಡಿದಳಂತೆ. “ಸತ್ತಾವ ಮದುವಿಗೆ ಕರ್ಯಾಕತ್ಯಾನಲ್ಲೋ, ನಾನು ಯಾರಿಗೆ ಮಾರಿ ತೋರಿಸ್ಲಿ?” ಎಂದು ಸಾವುಕಾರ ವಿರೂಪಾಕ್ಷಪ್ಪ ಆ ಮನೆಯವರೆದುರೇ ಹುಸೇನಪ್ಪನನ್ನು ನಿಲ್ಲಿಸಿ ಬೈದರು. ಅವನು ಕೈ ಮುಗಿದ. ಫ್ಲಾಪಿ ಹೇಗೆ ಅದಲುಬದಲಾಯಿತೆಂದು ಸಾವುಕಾರರು ಕೇಳಿದ್ದಕ್ಕೆ ಗೊತ್ತಿಲ್ಲವೆಂದ. ಗೊತ್ತಿತ್ತು. ಅವತ್ತು ಮಸ್ಕಿಯಲ್ಲಿ ಸೂಗಮ್ಮನಿಗೆ ಕೆಮ್ಮಿತ್ತು. ಲಿಂಗಸುಗೂರಿನವರೆಗೂ ಅವನು ಆ ಕೆಮ್ಮನ್ನೇ ಯೋಚಿಸುತ್ತಿದ್ದ.

ಸೂಗಮ್ಮ ಅವನ ಹೆಂಡತಿ. ಹೋದ ಸುಗ್ಗಿಯಿಂದ ಮಸ್ಕಿಯಲ್ಲಿ, ತವರಿನಲ್ಲಿ ಇದ್ದಳು. ಇದನ್ನು ಬೇರೆಯವರ ಎದುರು ಅವನು ‘ಮಸ್ಕಿ ಬ್ರಾಂಚ್ ನೋಡಿಕೊಳ್ಳಾಕತ್ಯಾಳ’ ಎಂದು ಹೇಳುತ್ತಿದ್ದ, ಅದು ಸುಳ್ಳೂ ಅಲ್ಲ. ಮದುವೆಯಾದ ಹೊಸದರಲ್ಲಿ ಅವನೇ ಅವಳಿಗೆ ಕಂಪ್ಯೂಟರಿನ ಮೇಲೆ ಕನ್ನಡ ಹೊಡೆಯುವುದನ್ನು ಕಲಿಸಿದ್ದ. ಅವಳು ಬೇಗ ಅವನನ್ನೇ ಮೀರಿಸಿದಳು. ಅವಳು ಸಿಟ್ಟು ಮಾಡಿ ತವರಿಗೆ ಹೋದ ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ಸಾವುಕಾರರು ಮಸ್ಕಿಯಲ್ಲೊಂದು ಅಂಗಡಿ ತೆಗೆದು ಅವಳನ್ನು ಕೂಡಿಸಿಬಿಟ್ಟರು, ಪಳಗಿದ ಕೈ ಬಿಟ್ಟಿ ಸಿಕ್ಕ ಹಾಗಾಯಿತು ಅವರಿಗೆ. ಗಂಡ ಹೆಂಡತಿಯ ಜಗಳ ಹೀಗೆ ವ್ಯಾಪಾರಕ್ಕೆ ಅನುಕೂಲವಾಗಿ ಬಂದದ್ದನ್ನು ಹುಸೇನಪ್ಪ ಒಂದು ಬಗೆಯ ನಿರ್ಲಿಪ್ತತೆಯಿಂದ ನೋಡುತ್ತಿದ್ದ. ಅದು ನಿರ್ಲಿಪ್ತತೆಯೋ ಹೇಡಿತನವೋ ಅವನಿಗೇ ತಿಳಿಯುತ್ತಿರಲಿಲ್ಲ. ಸಿಟ್ಟಾಗಿ ಹೋದ ಹೆಣ್ಣುಮಗಳ ತವರಿಗೆ, ಎರಡೂ ಕಡೆಯ ಹಿರಿಯರು ಕೂತು ಮಾತಾಡುವತನಕ, ಗಂಡ ಕಾಲಿಡುವ ಹಾಗಿಲ್ಲ. ಇಟ್ಟರೆ ಅವನ ಮನೆಗೆ ಹೀನಾಯ, ಅವನಿಗೆ ಮಣೆ ಹಾಕಿದರೆ ಅವಳ ಮನೆಗೆ ಹೀನಾಯ. ಹಿರಿಯರು ಕೂಡುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ಕಾಲುವೆಗೆ ನೀರು ಬಿಟ್ಟರೆಂದು, ಒಮ್ಮೆ ಯಾರಿಗೋ ಮೊಣಕಾಲು ಹಿಡಿದಿದೆಯೆಂದು, ಒಮ್ಮೆ ಇಲೆಕ್ಷನ್ನು ಎಂದು. “ಅಕಿ ಹೆಂಗ ಹೋಗ್ಯಾಳೋ ಹಂಗ ಬರಲಿ,” ಎನ್ನುತ್ತಿದ್ದಳು ಅವನ ತಾಯಿ ತಿಮ್ಮವ್ವ. “ಹಿರ್‍ಯಾರು ಕೂಡಲಿ,” ಎನ್ನುತ್ತಿದ್ದ ಅವನ ಮಾವ. ಆದರೆ ಅಂಗಡಿ ಯಾರ ತವರೂ ಅಲ್ಲ, ಫ್ಲಾಪಿಗೆ ಮಾನ ಅವಮಾನ ಇಲ್ಲ. ಡಬ್ಬಿ ಕೈಯಲ್ಲಿದ್ದರೆ ದಿನಾ ಅವಳೆದುರು ಹೋಗಿ ನಿಲ್ಲಬಹುದಿತ್ತು. ಊರಿನವರೂ, ಅವನ ತಾಯಿಯೂ, ಅವಳ ಅಪ್ಪನೂ ಅದನ್ನು ನೌಕರಿಯೆಂದು ಒಪ್ಪಿಕೊಂಡಿದ್ದರು. ಈಗ ಆ ಡಬ್ಬಿಯೇ ಬೇಡವಾಗುವ ಹಾಗೆ ಆರಿಸಿ ಹೇಳು ಎಂದು ಸಾವುಕಾರರು ಅವನಿಗೇ ಹೇಳಿದ್ದರು, ಯಾಕೆಂದರೆ ಮೂರೂ ಅಂಗಡಿಗಳಲ್ಲಿ ಇದೆಲ್ಲ ತಿಳಿಯುವವನು ಅವನೊಬ್ಬನೇ.

ರಸ್ತೆ ಕೆಟ್ಟಿತ್ತು, ಬಸ್ಸು ಎತ್ತಿ ಹಾಕುತ್ತಿತ್ತು, ಡಬ್ಬಿಯ ಮೇಲಿನ ಅವನ ಕೈ ಬೆವತಿತ್ತು. ಅವತ್ತೂ ಹೀಗೇ ಬೆವತಿತ್ತು. ಅಣ್ಣನ ಕೂಸಿಗೆ ತೊಟ್ಟಿಲು ಹಾಕುವ ದಿನ, ಪಡಸಾಲೆಯ ತುಂಬ ಹೆಣ್ಣುಮಕ್ಕಳು, ತೊಟ್ಟಿಲಿಗೆ ಮಲ್ಲಿಗೆ ಸರ. ಅವನು ಏಣಿಯ ಮೇಲೆ ನಿಂತು ಬಣ್ಣದ ಬಲ್ಬಿನ ವಾಯರು ಕಟ್ಟುತ್ತಿದ್ದ. ಸೂಗಮ್ಮ ಹಸಿರು ಸೀರೆಯುಟ್ಟು ಬಂದು ಎಲ್ಲರ ಹಾಗೆ ತೊಟ್ಟಿಲ ಹಗ್ಗ ಹಿಡಿಯಲು ಕೈ ಚಾಚಿದಳು. “ನೀ ಹಿಡೀಬ್ಯಾಡವ್ವ,” ಎಂದಳು ತಿಮ್ಮವ್ವ, ಮೆತ್ತಗೆ, ಬಹಳ ಮೆತ್ತಗೆ, “ಹಿತ್ತಲದಾಗ ಹೋಳಿಗಿ ನೋಡು ಹೋಗು.” ಮದುವೆಯಾಗಿ ಇಷ್ಟು ದಿನವಾದರೂ ಮಡಿಲು ತುಂಬದವಳು. ಅಷ್ಟು ಜನರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೂಗಮ್ಮ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ತಲೆ ಎತ್ತಿ ಏಣಿಯ ಕಡೆ ನೋಡಿದಳು. ಅವನು ಒಂದು ಮಾತು ಆಡಬಹುದಿತ್ತು, ‘ಹಿಡೀಲಿ ಬಿಡವ್ವ’ ಅನ್ನುವಷ್ಟು. ಅಷ್ಟಕ್ಕೇನು ಆಕಾಶ ಕಳಚಿ ಬೀಳುತ್ತಿತ್ತು? ಅವನು ಏಣಿಯಿಂದ ಇಳಿದು, “ಮಂದಿಗೆ ಸೋಡಾ ಸಾಲೂದಿಲ್ಲ, ತರ್ತೀನಿ,” ಎಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಸೋಡಾ ಬೇಕಾದಷ್ಟಿತ್ತು. ಬುಟ್ಟಿ ತುಂಬ ಬಾಟಲಿ ಹೊತ್ತು ಅವನು ಮರಳಿ ಬಂದಾಗ ತಿಮ್ಮವ್ವ ಬಂದವರಿಗೆಲ್ಲ ಸೊಸೆಗೆ ತಲೆನೋವು ಎಂದು ಹೇಳುತ್ತಿದ್ದಳು. ಒಳಗಿನಿಂದ ಸೂಗಮ್ಮನ ದನಿ ಪಡಸಾಲೆಗೆ ಕೇಳುವ ಹಾಗೆ ಬಂತು: “ನನಗ ತಲಿನೋವಿಲ್ಲ.” ಅವಳು ಹಾಗೆ, ಸುಳ್ಳು ಅವಳ ಬಾಯಲ್ಲಿ ನಿಲ್ಲುವುದಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಅವಳು ಮಸ್ಕಿಗೆ ಹೋದಳು. ಬಸ್‌ಸ್ಟ್ಯಾಂಡಿನವರೆಗೆ ಅವನೇ ಚೀಲ ಹೊತ್ತು ಹೋಗಿದ್ದ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಎಂದು ಆಮೇಲೆ ಅನ್ನಿಸಿತು.

ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತದೆ. ಡ್ರೈವರು ಚಹಾ ಕುಡಿದು ಬೀಡಿ ಸೇದುವತನಕದ ಹೊತ್ತು ಹುಸೇನಪ್ಪನದು. ಅಂಗಡಿ ಸ್ಟ್ಯಾಂಡಿನ ಎದುರಿಗೇ. ಪಕ್ಕದ ಬಳೆ ಅಂಗಡಿಯ ಸುಭಾನಬಿ ಅವನನ್ನು ದೂರದಿಂದಲೇ ನೋಡಿ, “ಸೂಗವ್ವ, ಟಪಾಲು ಬಂತು ನೋಡಬೇ!” ಎಂದು ಕೂಗಿದಳು. ದಿನಾ ಕೂಗುತ್ತಾಳೆ. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗಲೇ ಸೂಗಮ್ಮ ಮೂಲೆಯ ಕೊಡದಿಂದ ಒಂದು ಸ್ಟೀಲಿನ ಲೋಟ ನೀರು ತೆಗೆದು ಟೇಬಲ್ಲಿನ ತುದಿಗೆ ಇಟ್ಟಿರುತ್ತಾಳೆ. ಪತ್ರಿಕೆ ಮಾಡಿಸಲು ಬಂದವರಿಗೂ ಹಾಗೇ ಇಡುತ್ತಾಳೆ, ಅವನಿಗೆಂದು ಬೇರೆ ಏನಿಲ್ಲ. ಆದರೂ ಅವನು ಬಾಯಾರಿಕೆ ಇದ್ದರೂ ಇಲ್ಲದಿದ್ದರೂ ಪೂರಾ ಕುಡಿಯುತ್ತಿದ್ದ.

“ತಂದೀರೇನು?” ಎಂದಳು. ದಿನದ ಮೊದಲ ಮಾತು ಇದೇ.

“ಹೂಂ.”

ಡಬ್ಬಿಯಿಂದ ಫ್ಲಾಪಿ ತೆಗೆದು ಟೇಬಲ್ಲಿನ ಮೇಲಿಟ್ಟ. ಅವಳು ತನ್ನದನ್ನು ಪಕ್ಕದಲ್ಲಿಟ್ಟಳು. ಕೈಯಿಂದ ಕೈಗೆ ಕೊಡುವುದು ಮೊದಲ ದಿನದಿಂದಲೂ ಇರಲಿಲ್ಲ. ಅವಳ ಹಣೆಯ ಮೇಲೆ ಬೆವರಿತ್ತು, ಫ್ಯಾನು ಕಂಪ್ಯೂಟರಿನ ಕಡೆಗೆ ತಿರುಗಿತ್ತು. ಕಂಪನಿಯವನು ಹಿಂದಿನ ದಿನ ಬಂದು ಕೂಡಿಸಿ ಹೋದ ಮೋಡೆಮ್ ಫೋನಿನ ಪಕ್ಕದಲ್ಲಿ ಕೆಂಪು ಕಣ್ಣು ಮಿಟುಕಿಸುತ್ತಿತ್ತು. ಅದರ ಮೇಲೆ ಅವಳು ಒಂದು ಅರಿವೆ ಹೊದಿಸಿದ್ದಳು.

“ಚೀರ್ತೈತಿ ರೀ ಇದು,” ಎಂದಳು. “ನಿನ್ನಿ ಹಚ್ಚಿ ತೋರಿಸ್ಯಾನ. ಸುಭಾನಬಿ ಬೆಕ್ಕು ಸತ್ತಿತೇನು ಅಂತ ಓಡಿ ಬಂದ್ಳು.”

ಅವನು ನಕ್ಕ. ಅವಳೂ ನಗಬಹುದು ಎಂದು ಕಾದ. ಅವಳು ಕೀಬೋರ್ಡಿನ ಮೇಲಿನ ಧೂಳು ಒರೆಸಿದಳು.

“ಇದು ಬಂದ್ರ ನಿಮಗ ಬಸ್ಸಿನ ತ್ರಾಸ ತಪ್ತೈತಿ.”

“ಹೂಂ.”

“ಬಿಸಿಲಾಗ ತಿರುಗೂದು ತಪ್ತೈತಿ.”

“ಹೂಂ.”

“ನೀವೇ ಆರಿಸಬೇಕಂತಲ್ಲ. ಸಾವ್ಕಾರ್‍ರು ಫೋನಿನ್ಯಾಗ ಹೇಳಿದ್ರು.”

“ಹೂಂ. ಸಂಜಿಕಿ ಹೇಳಬೇಕು.”

“ಹೂಂ ಅನ್ನಾಕ ಸಿಂಧನೂರಿಂದ ಇಲ್ಲಿತನ ಬರ್ತೀರೇನು ದಿನಾ?” ಎಂದಳು ಸೂಗಮ್ಮ, ಅವನ ಕಡೆ ನೋಡದೆ.

ನೀನು ಹೇಳು, ಬೇಡ ಅನ್ನು, ಬೇಡ ಅಂದರೆ ನಾನು ಆ ಮೋಡೆಮ್ಮಿನಲ್ಲಿ ನೂರು ಐಬು ಹುಡುಕಿ ತೆಗೆಯುತ್ತೇನೆ ಎನ್ನಬೇಕಾಗಿತ್ತು ಅವನು. ಲೋಟ ಎತ್ತಿ ಕುಡಿದ. ಅಷ್ಟರಲ್ಲಿ ಬಾಲಪ್ಪ ಸೀಟಿ ಊದಿದ. ಅವಳಿಟ್ಟ ಫ್ಲಾಪಿಯನ್ನು ಡಬ್ಬಿಗೆ ಹಾಕಿಕೊಂಡು ಓಡಿದ. ಓಡುವಾಗ, ಸೀಟಿಗೆ ತಾನು ಕಾಯುತ್ತಿದ್ದೆನೇನೋ ಎಂಬ ಅನುಮಾನ ಬಂತು. ಅವತ್ತು ಸೋಡಾ, ಇವತ್ತು ಸೀಟಿ.

ಲಿಂಗಸುಗೂರಿನ ಅಂಗಡಿ ಇಸ್ಮಾಯಿಲ್‌ಸಾಬನದು. ಅಂದರೆ ಅಂಗಡಿ ಸಾವುಕಾರರದೇ, ಮಾತು ಇಸ್ಮಾಯಿಲ್‌ಸಾಬನದು. ಸೀಸದ ಅಕ್ಷರ ಜೋಡಿಸಿ ಬೆರಳು ಕಪ್ಪು ಮಾಡಿಕೊಂಡ ಕಾಲದ ಮನುಷ್ಯ. ತಹಶೀಲ್ ಕಚೇರಿಗೆ ಬಂದು ಹೋಗುವವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾನೆ, ಕಂಪ್ಯೂಟರಿನ ಎದುರು ಕೂತರೂ ಅರ್ಧ ಬೀದಿಯಲ್ಲಿ ಇರುತ್ತಾನೆ. ಹುಸೇನಪ್ಪ ಎರಡೂ ಕಂಪನಿಗಳ ಗುಣದೋಷ ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ತನ್ನ ಮಾತು ತಾನೇ ಕೇಳಿಸಿಕೊಂಡ. ಹೈದರಾಬಾದಿನವರ ಲೈನು ಗಾಳಿ ಬಿಟ್ಟರೆ ಹೋಗಬಹುದು, ಮಸ್ಕಿಯ ಎಕ್ಸ್‌ಚೇಂಜು ಸಣ್ಣದು, ಕರೆಂಟು ಹೋದರೆ ಏನು ಗತಿ, ನಾಳೆ ಆ ಕಂಪನಿಯೇ ಮುಚ್ಚಿದರೆ ನಮ್ಮ ಫೈಲೆಲ್ಲ ಯಾರ ಹೊಟ್ಟೆಗೆ? ಹುಡುಗಿ ಮನೆಯವರು ಒಪ್ಪಿದ ಮೇಲೂ ಹುಡುಗನಲ್ಲಿ ಐಬು ಹುಡುಕುವ ಸೋದರಮಾವನ ಹಾಗೆ ಮಾತಾಡುತ್ತಿದ್ದೇನಲ್ಲ ಎನ್ನಿಸಿತು.

ಇಸ್ಮಾಯಿಲ್‌ಸಾಬ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದ. “ಆ ಮಸ್ಕಿ ಗುಡ್ಡದಾಗ ಅಶೋಕ ರಾಜಾ ಬರಿಸ್ಯಾನಲ್ಲ ಕಲ್ಲು,” ಎಂದ, “ಅದೇ ಹುಕುಂ ಕೊಪ್ಪಳದಾಗೂ ಐತಿ. ಆದ್ರ ಮಸ್ಕಿ ಕಲ್ಲಿನ್ಯಾಗ ರಾಜನ ಹೆಸರೈತಿ, ಕೊಪ್ಪಳದ್ದರಾಗ ಇಲ್ಲ. ರಾಜನ ಮಾತೇ ಎರಡ ಊರಾಗ ಬರೋಬ್ಬರಿ ಬಂದಿಲ್ಲ. ನಿಂದೇನು ದೊಡ್ಡ ತಕರಾರು? ಒಂದು ಸಲ ತಪ್ಪೈತಿ, ಬಿಡು.”

“ಹಂಗಾರ ಫ್ಲಾಪಿನೇ ಇರಲಿ ಅಂತೀರೇನು?” ಎಂದ ಹುಸೇನಪ್ಪ, ಸ್ವಲ್ಪ ಜಾಸ್ತಿಯೇ ಲಗುಬಗೆಯಿಂದ.

ಮುದುಕ ಎಲೆ ಬಾಯಿಗೆ ಹಾಕಿಕೊಂಡು ಅವನ ಮುಖವನ್ನೇ ನೋಡಿದ. “ನಾ ಎಲ್ಲಿ ಅಂದೀನೋ ಹಂಗ? ಮಶೀನು ಚಲೋ ಐತಿ. ನಿನ್ನಿ ಹಚ್ಚಿದೆ, ಠಣಾಠಣ್ ಬಂತು. ನೀ ಏನ ಮಶೀನು ಆರಿಸಾಕತ್ತೀಯೋ, ತಪ್ಪಿಸ್ಕೊಳ್ಳಾಕ ಜಾಗಾ ಹುಡುಕಾಕತ್ತೀಯೋ?” ಎಂದ. ಆಮೇಲೆ ದನಿ ಇಳಿಸಿ, “ಹೋಗಿ ಕರಕೊಂಡು ಬಾರೋ ಖೋಡಿ. ಹಿರ್‍ಯಾರು ಕೂಡೂದರಾಗ ನಿನ್ನ ತಲಿ ಹಣ್ಣಾಗ್ತೈತಿ,” ಎಂದ.

ಎಲ್ಲರಿಗೂ ಗೊತ್ತಿತ್ತು ಹಾಗಾದರೆ. ನೌಕರಿ ಎಂದು ಯಾರೂ ನಂಬಿರಲಿಲ್ಲ, ನಂಬಿದ ಹಾಗೆ ಮಾಡಿ ಅವನ ಮಾನ ಕಾಯುತ್ತಿದ್ದರು ಅಷ್ಟೇ. ತಿರುಗಿ ಬರುವ ಬಸ್ಸು ಮಸ್ಕಿಯಲ್ಲಿ ನಿಂತಿತು. ಎದುರಿಗೆ ಅಂಗಡಿ, ಬಾಗಿಲಲ್ಲಿ ಕಟ್ಟಿದ ಹಳೆಯ ಸೀರೆಯ ಪರದೆ ಗಾಳಿಗೆ ಅಲ್ಲಾಡುತ್ತಿತ್ತು, ಅದರ ಕೆಳಗೆ ಅವಳ ಕಾಲುಗಳು ಕಂಡವು, ಒಂದರ ಮೇಲೊಂದು ಇಟ್ಟುಕೊಂಡ ಪಾದಗಳು, ಬರಿಗಾಲು. ಲಿಂಗಸುಗೂರಿನಿಂದ ಮಸ್ಕಿಗೆ ಕೊಡುವ ಫ್ಲಾಪಿ ಅವತ್ತು ಇರಲಿಲ್ಲ. ಇಳಿಯಲು ಕಾರಣ ಇರಲಿಲ್ಲ, ಅವನು ಇಳಿಯಲಿಲ್ಲ. ಡ್ರೈವರು ಚಹಾ ಕುಡಿದು ಬರುವವರೆಗೂ ಆ ಕಾಲುಗಳನ್ನು ನೋಡುತ್ತ ಕೂತ. ಗಂಡ ಹೆಂಡತಿಯ ನಡುವೆ ಒಂದು ರಸ್ತೆ ಇತ್ತು, ರಸ್ತೆ ದಾಟಲು ಒಂದು ಪ್ಲಾಸ್ಟಿಕ್ಕಿನ ಬಿಲ್ಲೆ ಬೇಕಾಗಿತ್ತು.

ಸಿಂಧನೂರಿನ ಅಂಗಡಿಯಲ್ಲಿ ಸಾವುಕಾರ ವಿರೂಪಾಕ್ಷಪ್ಪ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಹಿಂದಿನ ಕೋಣೆಯಲ್ಲಿ ಪ್ರೆಸ್ಸು ಯಾರದೋ ಮದುವೆಯನ್ನು ಅಚ್ಚು ಹಾಕುತ್ತಿತ್ತು, ನೆಲ ಸಣ್ಣಗೆ ನಡುಗುತ್ತಿತ್ತು. ಅಮೆರಿಕದ ಕಂಪನಿ ಬೇಡವೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಹೈದರಾಬಾದಿನದನ್ನು ಒಮ್ಮೆ ಕಣ್ಣಿನಿಂದ ನೋಡಿದ ಮೇಲೆ ಹುಸೇನಪ್ಪ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. “ನಿನ್ನ ಮಾತೇ ಆಖೈರು,” ಎಂದರು ಸಾವುಕಾರರು. ಅವರಿಗೆ ಎರಡು ಫೋನು. ಪ್ರೆಸ್ಸಿನ ಫೋನಿಗೆ ಮೋಡೆಮ್ ಸಿಕ್ಕಿಸಿತ್ತು, ಮನೆಯ ಫೋನನ್ನು ತಂತಿ ಎಳೆದು ಅಂಗಡಿಗೆ ತಂದು ತೊಡೆಯ ಮೇಲಿಟ್ಟುಕೊಂಡಿದ್ದರು. ಹುಸೇನಪ್ಪ ವಳಕಮದಿನ್ನಿಯ ಪತ್ರಿಕೆಯನ್ನೇ ಆರಿಸಿದ, ತಿದ್ದಿದ್ದನ್ನು. ಮೋಡೆಮ್ ಕಿರುಚಿತು, ಉಸಿರು ಬಿಟ್ಟಿತು, ಸುಮ್ಮನಾಯಿತು. ಫೈಲು ಹೋಯಿತು. ಸಾವುಕಾರರು ಎರಡೂ ಅಂಗಡಿಗೆ ಫೋನು ಮಾಡಿ ಇಳಿಸಿಕೊಳ್ಳಿರೆಂದು ಹೇಳಿದರು. ಪರದೆಯ ಮೇಲೆ ಫೈಲಿನ ಹೆಸರು, ಅದರ ಕೆಳಗೆ ಎರಡು ಊರು. ಹುಸೇನಪ್ಪ ನೋಡುತ್ತ ಕೂತ. ಗಾಳಿ ಬಿಡಲಿ, ಕರೆಂಟು ಹೋಗಲಿ, ಎಲ್ಲೋ ಒಂದು ಕಡೆ ತಂತಿ ಹರಿಯಲಿ ಎಂದು ಮನಸ್ಸು ಬೇಡುತ್ತಿತ್ತು, ಬೇಡುವುದನ್ನು ಅವನು ಬೇರೆಯವನ ಹಾಗೆ ಗಮನಿಸುತ್ತಿದ್ದ. ಲಿಂಗಸುಗೂರಿನ ಮುಂದೆ ಹಸಿರು ಗುರುತು ಬಿತ್ತು. ಕೂಡಲೇ ಫೋನು ಬಡಿದುಕೊಂಡಿತು, ಇಸ್ಮಾಯಿಲ್‌ಸಾಬ ಇಡೀ ಅಂಗಡಿಗೆ ಕೇಳುವ ಹಾಗೆ, “ಬಂತ್ರೀ, ಅಜ್ಜನ ಹೆಸರಿಲ್ಲದ್ದೇ ಬಂತು!” ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಮಸ್ಕಿಯ ಮುಂದೆಯೂ ಹಸಿರು ಗುರುತು ಬಿತ್ತು.

ಮುಗಿಯಿತು ಎಂದುಕೊಂಡ ಹುಸೇನಪ್ಪ.

ಮಸ್ಕಿಯಿಂದ ಫೋನು ಬರಲಿಲ್ಲ. ಸಾವುಕಾರರು ಕಾದು ಕಾದು ತಾವೇ ಹಚ್ಚಿದರು. “ಏನಬೇ ಸೂಗಮ್ಮ, ಮುಟ್ಟಿತೇನು?” ಎಂದರು. ರಿಸೀವರು ಹಳೆಯದು, ಆಚೆಯ ದನಿ ಈಚೆ ನಿಂತವರಿಗೂ ಕೇಳುತ್ತಿತ್ತು.

“ಇಲ್ಲ ರೀ. ಏನೂ ಬಂದಿಲ್ಲ.”

“ಇನ್ನೊಮ್ಮಿ ನೋಡು.”

“ನೋಡೀನಿ ರೀ. ಇಲ್ಲಿ ಲೈನು ಬರೋಬ್ಬರಿ ಇಲ್ಲ. ಆ ಫ್ಲಾಪಿನೇ ಚಲೋ ರೀ ನಮಗ,” ಎಂದಳು ಸೂಗಮ್ಮ. ದನಿ ಒಂದಿಷ್ಟೂ ನಡುಗಲಿಲ್ಲ.

ಹುಸೇನಪ್ಪ ಪರದೆಯನ್ನು ನೋಡಿದ. ಮಸ್ಕಿ. ಅದರ ಮುಂದೆ ಹಸಿರು ಗುರುತು, ಮಾಸದೆ, ಅಲ್ಲಾಡದೆ. ನಿನ್ನೆ ಕಂಪನಿಯವನು ಹಚ್ಚಿ ತೋರಿಸಿ ಹೋಗಿದ್ದ, ಒಮ್ಮೆ ನೋಡಿದ್ದನ್ನು ಮರೆಯುವ ಹೆಣ್ಣಲ್ಲ ಅವಳು. ಪಡಸಾಲೆ ತುಂಬ ಜನ ಕೂತಿದ್ದಾಗ ತಲೆನೋವೆಂಬ ಸಣ್ಣ ಸುಳ್ಳನ್ನೂ ಒಪ್ಪದವಳು ಈಗ ಸಾವುಕಾರರ ಕಿವಿಯಲ್ಲಿ ಇಷ್ಟು ದೊಡ್ಡದನ್ನು ಹೇಳಿದ್ದಳು. ಅವನಿಗೆ ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ಅವಳಿಗೂ ಬೇಕು ಬಸ್ಸು, ಅವಳಿಗೂ ಬೇಕು ಆ ಲೋಟ ನೀರಿನ ಹೊತ್ತು. ಈಗ ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ನಾಳೆ ಬಸ್ಸು, ನಾಡಿದ್ದು ಬಸ್ಸು, ಬರುವ ವರ್ಷವೂ 'ತಂದೀರೇನು', 'ಹೂಂ'. ಹಿರಿಯರು ಕೂಡುವುದಿಲ್ಲ, ಇವರಿಬ್ಬರೂ ಫ್ಲಾಪಿ ಅದಲುಬದಲು ಮಾಡುತ್ತ ಮಾಡುತ್ತ ಮುದುಕರಾಗುತ್ತಾರೆ. ಖುಷಿ ಅಲ್ಲೇ ನಿಂತಿತು. ಅವತ್ತು ತಾನು ಬಾಯಿ ಬಿಡದ್ದಕ್ಕೆ ಅವಳು ಮನೆ ಬಿಟ್ಟಳು, ಇವತ್ತು ತಾನು ಬಾಯಿ ಬಿಡದ್ದಕ್ಕೆ ಅವಳು ಸುಳ್ಳು ಹೇಳಬೇಕಾಯಿತು. ಇನ್ನು ಏನೇನು ಮಾಡಬೇಕು ಅವಳು, ತನ್ನ ಒಂದು ಮಾತಿನ ಸಲುವಾಗಿ? ನಾಚಿಕೆ ಅವನ ಕಿವಿಯ ತುದಿಗೆ ಬಂದು ಸುಟ್ಟಿತು.

ಸಾವುಕಾರರು ಫೋನಿಟ್ಟು ಅವನ ಕಡೆ ತಿರುಗಿದರು. “ಏನಂತೀಪಾ? ಅಕಿ ಬಂದಿಲ್ಲ ಅಂತಾಳ.”

“ಬಂದೈತಿ ರೀ,” ಎಂದ ಹುಸೇನಪ್ಪ. “ಮಸ್ಕಿ ಮುಂದ ಗುರುತು ಬಿದ್ದೈತಿ ನೋಡ್ರಿ. ಹೊಸಾದು, ಎಲ್ಲಿ ಇಳಿದೈತಿ ಅಂತ ಹುಡುಕಾಕ ಅಕಿಗೆ ತಿಳಿದಿರಲಿಕ್ಕಿಲ್ಲ. ಮಶೀನು ಚಲೋ ಐತಿ. ಇದನ್ನೇ ತಗೋರಿ.”

“ಪಕ್ಕಾ?”

“ಪಕ್ಕಾ ರೀ.”

“ಆತು ಬಿಡು. ನಾಳಿಂದ ಇಲ್ಲೇ ಕುಂದರು. ಬಸ್ಸಿಲ್ಲ, ಬಿಸಿಲಿಲ್ಲ, ಅರಾಮ,” ಎಂದು ಸಾವುಕಾರರು ಕನ್ನಡಕ ತೆಗೆದು ಒರೆಸಿದರು. ಹುಸೇನಪ್ಪ ಎದ್ದು ಚಪ್ಪಲಿ ಮೆಟ್ಟಿದ. “ಮತ್ತೆಲ್ಲಿ ಹೊಂಟಿ?”

“ಮಸ್ಕಿಗೆ.”

“ಡಬ್ಬಿ ಇಲ್ಲೇ ಐತಲ್ಲೋ!”

“ಇರಲಿ ರೀ.”

ಬಸ್ಸಿನಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟ, ಎದುರಿನ ಸೀಟಿನ ಕಂಬಿ ಹಿಡಿದ, ಮತ್ತೆ ತೊಡೆಯ ಮೇಲಿಟ್ಟ. ಬಾಲಪ್ಪ ಟಿಕೀಟು ಕೊಡುತ್ತ ಅವನ ಬರಿಗೈ ನೋಡಿದ, ಮುಂದೆ ಹೋದ. ಗದ್ದೆಗಳ ಮೇಲೆ ಇಳಿಬಿಸಿಲು. ನಡುದಾರಿಯಲ್ಲಿ ಧೈರ್ಯ ಕೈಕೊಟ್ಟಿತು. ಏನಾದರೂ ತರಬೇಕಿತ್ತು, ಹೂವೋ, ಹಣ್ಣೋ, ಒಂದು ಖಾಲಿ ಫ್ಲಾಪಿಯಾದರೂ. ಯಾವನು ಹೆಂಡತಿಯ ಊರಿಗೆ ಹೀಗೆ ಕೈಬೀಸಿಕೊಂಡು ಹೋಗುತ್ತಾನೆ? ಮಸ್ಕಿಯಲ್ಲಿ ಇಳಿದ ಮೇಲೂ ಬಸ್ಸಿನ ನೆರಳಲ್ಲೇ ನಿಂತಿದ್ದ. ಬಸ್ಸು ಹೋಯಿತು, ನೆರಳೂ ಹೋಯಿತು, ರಸ್ತೆಯ ಆಚೆಯಿಂದ ಸುಭಾನಬಿ ನೋಡಿದಳು. ಅವನ ಕೈ ನೋಡಿದಳು, ಮುಖ ನೋಡಿದಳು, ಟಪಾಲು ಎಂದು ಕೂಗಲಿಲ್ಲ. ಬಳೆಗಳ ಮೇಲೆ ಅರಿವೆ ಎಳೆದು ಒಳಗೆ ಸರಿದಳು.

ಸೂಗಮ್ಮ ಅಂಗಡಿ ಮುಚ್ಚುತ್ತಿದ್ದಳು. ಕಂಪ್ಯೂಟರಿಗೆ ಹೊದಿಕೆ ಹಾಕಿಯಾಗಿತ್ತು. ಅವನನ್ನು ಕಂಡು ಬಾಗಿಲ ಮೇಲಿಟ್ಟ ಕೈ ಹಾಗೇ ನಿಂತಿತು.

“ತಂದೀರೇನು?” ಎಂದಳು, ರೂಢಿಯಿಂದ.

“ಇಲ್ಲ. ಇನ್ನ ಮ್ಯಾಲ ತರೂದಿಲ್ಲ.” “ಗುರುತು ಬಿದ್ದಿತ್ತು. ಮಸ್ಕಿ ಮುಂದ.”

ಅವಳ ಮುಖ ಕೆಂಪಾಯಿತು. “ಸಾವ್ಕಾರ್‍ರಿಗೆ ಹೇಳಿದ್ರೇನು?”

“ಬಂದೈತಿ ಅಂತ ಹೇಳಿದೆ. ಅಕಿಗೆ ಹುಡುಕಾಕ ತಿಳಿದಿರಲಿಕ್ಕಿಲ್ಲ ಅಂದೆ.”

“ನನಗ ಹುಡುಕಾಕ ತಿಳಿಯೂದಿಲ್ಲ?” ಎಂದಳು ಸೂಗಮ್ಮ, ಸಿಟ್ಟು ಭಗ್ಗನೆ ಹತ್ತಿತು. “ಕುಂತಲ್ಲೇ ಹುಡುಕಿದ್ದೆ ನಾ! ಓದಿದ್ದೆ! ನಾ ಹಂಗ ಹೇಳೀನಿ ಅಂದ್ರ ಯಾಕ ಹೇಳೀನಿ ಅಂತ ತಿಳಿಯೂದಿಲ್ಲೇನು ನಿಮಗ? ಇನ್ನ ಯಾವ ನೆವಾ ಐತಿ? ಈಗ ಮತ್ತ ಯಾಕ ಬಂದೀರಿ?”

“ನಿನ್ನ ನೋಡಾಕ.”

“ಬರಿಗೈಲೆ?”

“ಬರಿಗೈಲೆ.”

ಅವಳು ಅವನ ಎರಡೂ ಕೈಗಳನ್ನು ನೋಡಿದಳು. “ಸೋಡಾನೂ ತಂದಿಲ್ಲೇನು?” ಎಂದಳು.

ಅಷ್ಟು ದಿನ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಹುಸೇನಪ್ಪನ ಕಣ್ಣಲ್ಲಿ ನೀರು ಬಂತು, ರಸ್ತೆಯಲ್ಲಿ, ಜನರೆದುರು, ಒರೆಸಿಕೊಳ್ಳಲೂ ಇಲ್ಲ. “ಹಿಡೀಲಿ ಬಿಡವ್ವ ಅನ್ನಬೇಕಿತ್ತು ನಾ,” ಎಂದ. “ಅಷ್ಟೇ ಅನ್ನಬೇಕಿತ್ತು.”

ಬಾಗಿಲು ಎಳೆದಳು, ಕೀಲಿ ಹಾಕಿದಳು, ಎರಡು ಸಲ ಜಗ್ಗಿ ನೋಡಿದಳು. “ಒಂದ್ ಲೋಟ ನೀರು ಕೊಡ್ತೀಯೇನು?” ಎಂದ ಅವನು.

“ಅಂಗಡ್ಯಾಗ ಕೊಡಾ ಬೋರಲ ಹಾಕೀನಿ,” ಎಂದಳು. ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿದಳು. “ನಮ್ಮಪ್ಪ ಕಟ್ಟಿ ಮ್ಯಾಲೇ ಕುಂತಿರ್ತಾನ. ಹಿರ್‍ಯಾರು ಎಲ್ಲಿ ಅಂತ ಕೇಳ್ತಾನ. ಅವನ ಮುಂದ ಮಾತಾಡ್ತೀರೇನು?”

“ಆಡ್ತೀನಿ.”

“ಹಂಗಾರ ಬರ್ರಿ,” ಎಂದಳು ಸೂಗಮ್ಮ. “ನೀರು ಮನ್ಯಾಗ ಅದಾವ.”